ಏಳು ವರ್ಷ ಎಂದರೆ ಏಳೇ ವರ್ಷ

ಒಲಿವಿಯಾ ಡಿ ಹ್ಯಾವಿಲೆಂಡ್ ಎಂದೊಡನೆ ನೆನಪಾಗುವುದು 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದ ಸೌಮ್ಯ ಮೆಲನಿ. ಆಕೆ ಗೆದ್ದ ಎರಡು ಆಸ್ಕರ್‌ಗಳಿಗಿಂತ ದೊಡ್ಡ ಗೆಲುವು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಸಿಕ್ಕಿತು ಎಂಬುದು ನನ್ನ ವಾದ. ವಾರ್ನರ್ ಬ್ರದರ್ಸ್ ಜೊತೆ ಆಕೆಗಿದ್ದದ್ದು ಏಳು ವರ್ಷಗಳ ಕರಾರು. ಕೊಟ್ಟ ಪಾತ್ರ ಬೇಡವೆಂದರೆ ಸಂಬಳವಿಲ್ಲದ ಅಮಾನತು. ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುವುದು ಸ್ಟುಡಿಯೊಗಳ ರೂಢಿ. 1943ರಲ್ಲಿ ಅವಧಿ ಮುಗಿದಾಗ, ಇನ್ನೂ 25 ವಾರ ಬಾಕಿಯಿದೆ ಎಂದಿತು ಕಂಪನಿ. ಈ ಲೆಕ್ಕ ಒಪ್ಪಿದರೆ ಒಲ್ಲೆ ಎಂದವರಿಗೆ ಬಿಡುಗಡೆಯೇ ಇಲ್ಲ. ನಟಿ ಬೆಟ್ಟಿ ಡೇವಿಸ್ 1936ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಇದೇ ಕಂಪನಿಯೆದುರು ಸೋತಿದ್ದರು. ಅದು ಗೊತ್ತಿದ್ದೂ ಒಲಿವಿಯಾ ದಾವೆ ಹೂಡಿದರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು 1944ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಅಷ್ಟರಲ್ಲಿ ಆಕೆಗೆ ಕೆಲಸ ಕೊಡಬೇಡಿ ಎಂದು ಕಂಪನಿಯ ಮುಖ್ಯಸ್ಥ ಜಾಕ್ ವಾರ್ನರ್ ಇತರ ಸ್ಟುಡಿಯೊಗಳಿಗೆ ಪತ್ರ ಬರೆದಿದ್ದರು.

ತಾರೆಯನ್ನು ಬೆಳೆಸಿದ್ದು ಸ್ಟುಡಿಯೊ, ಹೂಡಿದ ಹಣಕ್ಕೆ ಪ್ರತಿಫಲ ಕೇಳುವುದು ತಪ್ಪೇ ಎನ್ನಬಹುದು. ದಾಖಲೆ ಬೇರೆಯೇ ಹೇಳುತ್ತದೆ. ವಾರ್ನರ್ ಆಕೆಯನ್ನು ಮತ್ತೆಮತ್ತೆ ನಟ ಎರೋಲ್ ಫ್ಲಿನ್‌ರ ಪ್ರೇಯಸಿಯಾಗಿಸಿತು. ಕರಾರಿನ ಕಾಲದಲ್ಲಿ ಆಕೆಗೆ ಸಿಕ್ಕ ಎರಡು ಆಸ್ಕರ್ ನಾಮನಿರ್ದೇಶನಗಳೂ ಎರವಲಾಗಿ ಹೋಗಿ ನಟಿಸಿದ ಹೊರಗಿನ ಚಿತ್ರಗಳಿಗೆ: ಸೆಲ್ಜ್‌ನಿಕ್ ನಿರ್ಮಾಣದ ‘ಗಾನ್ ವಿತ್ ದ ವಿಂಡ್’, ಪ್ಯಾರಾಮೌಂಟ್‌ನ ‘ಹೋಲ್ಡ್ ಬ್ಯಾಕ್ ದ ಡಾನ್’. ಬಿಡುಗಡೆಯ ನಂತರ ‘ಟು ಈಚ್ ಹಿಸ್ ಓನ್’ (1946), ‘ದ ಏರೆಸ್’ (1949) ಎರಡಕ್ಕೂ ಆಸ್ಕರ್ ಬಂತು. ನಡುವೆ ಮನೋರೋಗಾಲಯದ ಕಥೆಯ ‘ದ ಸ್ನೇಕ್ ಪಿಟ್’. ಈ ಮೂರರಲ್ಲಿ ಒಂದೂ ವಾರ್ನರ್‌ ಕಂಪನಿಯದ್ದಲ್ಲ. ಆ ಪ್ರತಿಭೆಯನ್ನು ಹಿಡಿದಿಟ್ಟದ್ದೇ ಕರಾರು ಎನ್ನಲು ಇನ್ನೇನು ಸಾಕ್ಷಿ ಬೇಕು?

ವಕೀಲರಿಗೆ ಹಣ ತೆರಬಲ್ಲ ತಾರೆಯ ಹೋರಾಟವಿದು, ಸಾಮಾನ್ಯ ದುಡಿಮೆಗಾರರಿಗೇನು ಬಂತು ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಹಣವಿಲ್ಲದವರು ಅಷ್ಟು ಕಾಲ ಕೆಲಸವಿಲ್ಲದೆ ಕಾಯಲಾರರು, ನಿಜ. ಆದರೆ ತೀರ್ಪು ನಿಂತದ್ದು ರಾಜ್ಯದ ಕಾರ್ಮಿಕ ಕಾನೂನಿನ ಮೇಲೆ. ಕಾಯಲಾರದವರಿಗೂ ಅದರ ಏಳು ವರ್ಷದ ಮಿತಿ ಅನ್ವಯಿಸುತ್ತದೆ. ಧ್ವನಿಮುದ್ರಣ ಕಂಪನಿಗಳು ಅದಕ್ಕೆ ಹೆದರಿದ್ದರಿಂದಲೇ 1987ರಲ್ಲಿ ತಿದ್ದುಪಡಿ ತರಿಸಿಕೊಂಡವು: ಏಳು ವರ್ಷದ ಬಳಿಕ ಬಿಟ್ಟುಹೋಗುವ ಗಾಯಕರಿಂದ, ಕೊಡದೆ ಉಳಿದ ಆಲ್ಬಮ್‌ಗಳಿಗೆ ಪರಿಹಾರ ಕೇಳಬಹುದು. ನಟಿಗೆ ದಕ್ಕಿದ ಹಕ್ಕನ್ನು ಹಾಡುವವರಿಗೆ ಮೊಟಕುಗೊಳಿಸಲು ಯಾವ ನ್ಯಾಯವೂ ಇಲ್ಲ. ಆ ತಿದ್ದುಪಡಿ ರದ್ದಾಗಬೇಕು.