ಶರಣಾರ್ಥಿಯ ಧರ್ಮ ಕೇಳುವ ಮುನ್ನ

ರೊಹಿಂಗ್ಯಾಗಳ ಮಾತು ಬಂದರೆ ಸಾಕು, ನಮ್ಮ ಊರ ಕಟ್ಟೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತೀರ್ಪು ಮೊದಲೇ ಸಿದ್ಧವಿರುತ್ತದೆ: 'ಮುಸ್ಲಿಮರು, ಹೊರಗೆ ಹಾಕಿ.' ಅವರೇಕೆ ಓಡಿಬಂದರು ಎಂದು ಕೇಳುವವರು ವಿರಳ. ಮ್ಯಾನ್ಮಾರ್ ತನ್ನ 1982ರ ಪೌರತ್ವ ಕಾಯ್ದೆಯಿಂದ ಅವರನ್ನು ನೆಲೆಯಿಲ್ಲದವರನ್ನಾಗಿ ಮಾಡಿತು. 2017ರ ಆಗಸ್ಟ್‌ನಲ್ಲಿ ಸೈನ್ಯದ ದಾಳಿ ಶುರುವಾದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು.

ನಿರಾಶ್ರಿತರು ಕನ್ನಡ ನಾಡಿಗೆ ಹೊಸಬರಲ್ಲ. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3000 ಎಕರೆ ಜಮೀನು ಕೊಟ್ಟಿತು. ಮುಂದೆ ಮುಂಡಗೋಡದಲ್ಲೂ ಅವರು ನೆಲೆ ಕಂಡರು. ಚೀನಾ ಮುನಿಯುತ್ತದೆಂದು ಗೊತ್ತಿದ್ದೂ ದೇಶ ಅವರ ಕೈ ಬಿಡಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು. ಅವರಲ್ಲಿ ಹಿಂದೂಗಳೇ ಹೆಚ್ಚು, ಮುಸ್ಲಿಮರೂ ಇದ್ದರು. ಇಬ್ಬರಿಗೂ ಅನ್ನ ಹಾಕಿದೆವು.

'ಭದ್ರತೆಯ ಗತಿಯೇನು?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಒಬ್ಬೊಬ್ಬರನ್ನೂ ತಪಾಸಣೆ ಮಾಡಿ ನೋಂದಾಯಿಸುವುದು. ಟಿಬೆಟನ್ನರ ನೋಂದಣಿ ಪತ್ರವನ್ನು ಸರ್ಕಾರ ಇಂದಿಗೂ ಕಾಲಕಾಲಕ್ಕೆ ನವೀಕರಿಸುತ್ತದೆ. ಒಂದು ಕಂಬಿ ತುಕ್ಕು ಹಿಡಿದಿದೆ ಎಂದು ಲಾರಿಯ ಸರಕನ್ನೆಲ್ಲ ಯಾವ ಎಂಜಿನಿಯರೂ ತಿರಸ್ಕರಿಸುವುದಿಲ್ಲ. ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸುತ್ತಾನೆ. ಮನುಷ್ಯರ ವಿಷಯದಲ್ಲಿ ಅಷ್ಟಾದರೂ ಎಚ್ಚರ ಬೇಡವೇ?

ನಮ್ಮಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶಗಳ ಆರು ಧರ್ಮದವರಿಗೆ ಬಾಗಿಲು ತೆರೆಯಿತು, ಮುಸ್ಲಿಮರನ್ನು ಬಿಟ್ಟಿತು. ಪಾಕಿಸ್ತಾನ 1974ರಲ್ಲಿ ಸಂವಿಧಾನ ತಿದ್ದಿ 'ಮುಸ್ಲಿಮರೇ ಅಲ್ಲ' ಎಂದ ಅಹ್ಮದೀಯರಿಗೂ, ತಾಲಿಬಾನಿಗೆ ಅಂಜಿ ಬದುಕುವ ಅಫ್ಘಾನಿಸ್ತಾನದ ಹಜಾರರಿಗೂ ಅದರಲ್ಲಿ ಜಾಗವಿಲ್ಲ. ಶ್ರೀಲಂಕಾ ಪಟ್ಟಿಯಲ್ಲೇ ಇಲ್ಲದ ಕಾರಣ ತಮಿಳುನಾಡಿನ ಶಿಬಿರಗಳಲ್ಲಿರುವ ಹಿಂದೂ ತಮಿಳರಿಗೂ ಇಲ್ಲ. ಸಂಕಟವನ್ನು ಅಳೆಯುವ ಕೋಲು ಹೀಗೆ ಊರಿಗೊಂದು, ಧರ್ಮಕ್ಕೊಂದು ಆದರೆ ಅದು ಅಳತೆಯೇ ಅಲ್ಲ.

ವಿದೇಶಾಂಗ ನೀತಿ ದೆಹಲಿಯಲ್ಲಿ ತಯಾರಾಗುತ್ತದೆ, ನಿಜ. ಆದರೆ ಜನ ಏನನ್ನು ಸಹಿಸುತ್ತಾರೆ ಎಂದು ನೋಡಿಯೇ ದೆಹಲಿ ಹೆಜ್ಜೆ ಇಡುತ್ತದೆ. ಆದ್ದರಿಂದ ಕಟ್ಟೆಯ ಮೇಲಿನ ನಮ್ಮ ಮಾತಿಗೂ ತೂಕವಿದೆ. ಎಲ್ಲ ನಿರಾಶ್ರಿತರಿಗೂ ಅನ್ವಯಿಸುವ, ಪ್ರತಿಯೊಬ್ಬರನ್ನೂ ಪರಿಶೀಲಿಸುವ ಒಂದು ಕಾನೂನನ್ನು ನಾವು ಕೇಳಬೇಕು.

ಹಿಂದಿಯಲ್ಲಿ ನಿರಾಶ್ರಿತರನ್ನು 'ಶರಣಾರ್ಥಿ' ಎನ್ನುತ್ತಾರೆ. ನಾವು ಎದುರಾದವರಿಗೆಲ್ಲ 'ಶರಣು ಶರಣಾರ್ಥಿ' ಎಂದು ಕೈ ಮುಗಿಯುವವರು. ಆ ಮಾತು ನಾಲಗೆಯ ಮೇಲಷ್ಟೇ ಉಳಿಯಬಾರದು.