ಲಾ ಓದಿದ ಮಗಳಿಗೆ ಮೂರು ವರ್ಷ ಕೊಡಿ

ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ಕೇಳಿ, ತಟ್ಟನೆ ಹೇಳುತ್ತಾರೆ: ಫಾತಿಮಾ ಬೀವಿ, 1989. ಒಂದು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಇಸವಿಗಿಂತ ಹಿಂದಿನ ಕಥೆ.

ಫಾತಿಮಾ ಬೀವಿ ಹುಟ್ಟಿದ್ದು 1927ರಲ್ಲಿ, ಕೇರಳದ ಪತ್ತನಂತಿಟ್ಟದಲ್ಲಿ. ತಂದೆ ಮೀರಾ ಸಾಹಿಬ್ ಸರ್ಕಾರಿ ನೌಕರ. ಮಗಳು ತಿರುವನಂತಪುರದಲ್ಲಿ ಬಿಎಸ್ಸಿ ಮುಗಿಸಿದ ಮೇಲೆ ಕಾನೂನು ಓದು ಎಂದು ಹುರಿದುಂಬಿಸಿದ್ದು ಅವರೇ. ಅವರ ಕಣ್ಣ ಮುಂದೆ ಒಂದು ಉದಾಹರಣೆ ಇತ್ತು. 1937ರಲ್ಲೇ ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ ಎಂಬ ಮಹಿಳೆ ಮುನ್ಸಿಫ್ ಆಗಿದ್ದರು.

1950ರಲ್ಲಿ ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಫಾತಿಮಾ ಬೀವಿ ಮೊದಲ ಸ್ಥಾನ ಪಡೆದು ಚಿನ್ನದ ಪದಕ ಗೆದ್ದರು. ಅದೇ ನವೆಂಬರಿನಲ್ಲಿ ವಕೀಲಿ ಶುರು ಮಾಡಿದರು, ಕೊಲ್ಲಂನ ಕೆಳ ಕೋರ್ಟಿನಲ್ಲಿ. 1958ರಲ್ಲಿ ಮುನ್ಸಿಫ್ ಆದರು. ಈಗ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸಿವಿಲ್ ನ್ಯಾಯಾಧೀಶರು ಕೂರುವ ಜಾಗವದು. ಅಲ್ಲಿಂದ ಒಂದೊಂದೇ ಮೆಟ್ಟಿಲು: 1968ರಲ್ಲಿ ಸಬ್ ಜಡ್ಜ್, 1972ರಲ್ಲಿ ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್, 1974ರಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶೆ, 1983ರಲ್ಲಿ ಕೇರಳ ಹೈಕೋರ್ಟ್. 1989ರ ಏಪ್ರಿಲ್‌ನಲ್ಲಿ ಅಲ್ಲಿ ನಿವೃತ್ತರಾದರು. ಆರು ತಿಂಗಳು ಕಳೆಯುವುದರೊಳಗೆ ಸುಪ್ರೀಂ ಕೋರ್ಟಿಗೆ ಕರೆ ಬಂತು.

ಮುನ್ಸಿಫ್ ಕುರ್ಚಿಯಿಂದ ಸುಪ್ರೀಂ ಕೋರ್ಟಿಗೆ 31 ವರ್ಷ ಹಿಡಿಯಿತು. ಅಲ್ಲಿ ಕೆಲಸ ಮಾಡಲು ಸಿಕ್ಕಿದ್ದು ಎರಡೂವರೆ ವರ್ಷ ಮಾತ್ರ. ಕೆಳಗಿನಿಂದ ಹತ್ತಿ ಬಂದವರ ಪಾಡು ಇದು. ಮೇಲೆ ತಲುಪುವ ಹೊತ್ತಿಗೆ ನಿವೃತ್ತಿಯ ವಯಸ್ಸೂ ಬಂದಿರುತ್ತದೆ.

ಅವರ ಬದುಕಿನಲ್ಲಿ ಟೀಕೆಗೆ ಗುರಿಯಾದ ಅಧ್ಯಾಯವೂ ಇದೆ. ತಮಿಳುನಾಡಿನ ರಾಜ್ಯಪಾಲರಾಗಿದ್ದಾಗ, 2001ರಲ್ಲಿ, ಶಿಕ್ಷೆಗೊಳಗಾಗಿ ಚುನಾವಣೆಗೆ ನಿಲ್ಲಲಾಗದ ಜಯಲಲಿತಾ ಅವರಿಗೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದರು. ಆ ನೇಮಕ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟೇ ಹೇಳಿತು. ಅಷ್ಟರಲ್ಲಿ ಇವರು ರಾಜೀನಾಮೆ ಕೊಟ್ಟಾಗಿತ್ತು. ಹಾಗಂತ ಅವರು ಹತ್ತಿದ ಮೆಟ್ಟಿಲುಗಳೇನೂ ಸಣ್ಣವಾಗುವುದಿಲ್ಲ. 2023ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಬಾಗಿಲು ತೆರೆದ ಮೇಲೆ ಎಷ್ಟು ಜನ ಒಳಗೆ ಹೋದರು? ಸುಪ್ರೀಂ ಕೋರ್ಟ್ ಶುರುವಾದದ್ದು 1950ರಲ್ಲಿ. 2021ರಲ್ಲಿ ಒಂದೇ ದಿನ ಮೂವರು ಮಹಿಳೆಯರು ಪ್ರಮಾಣವಚನ ತೆಗೆದುಕೊಂಡರು, ಅವರಲ್ಲಿ ನಮ್ಮ ಬಿ.ವಿ. ನಾಗರತ್ನ ಅವರೂ ಒಬ್ಬರು. ಆ ಮೂವರನ್ನೂ ಸೇರಿಸಿದರೆ 71 ವರ್ಷದಲ್ಲಿ ಒಟ್ಟು ಹನ್ನೊಂದೇ ಮಹಿಳೆಯರು. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬಂದದ್ದು 2000ದಲ್ಲಿ, ಬಳ್ಳಾರಿಯಲ್ಲಿ ವಕೀಲಿ ಮಾಡಿದ್ದ ಮಂಜುಳಾ ಚೆಲ್ಲೂರ್.

ಮೇಲಿನ ಕೋರ್ಟುಗಳಿಗೆ ಹೆಸರು ಆರಿಸುವುದು ಕೊಲಿಜಿಯಂ. ಅದು ನಮ್ಮ ಕೈಯಲ್ಲಿಲ್ಲ. ಕೆಳಗಿನ ಮೊದಲ ಮೆಟ್ಟಿಲಿಗೆ ಪರೀಕ್ಷೆ ಇದೆ. ಅಲ್ಲಿ ಯಾರ ಮಗಳು ಎಂದು ಕೇಳುವುದಿಲ್ಲ, ಅಂಕ ಕೇಳುತ್ತಾರೆ. ಬಡವರ ಮನೆಯ ಹುಡುಗಿಗೆ ಇರುವ ನೇರ ದಾರಿ ಅದೊಂದೇ.

ಆ ದಾರಿ ಈಗ ಸ್ವಲ್ಪ ಉದ್ದವಾಗಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಮೂರು ವರ್ಷ ವಕೀಲಿ ಮಾಡಿರಲೇಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿತು. ಕೋರ್ಟಿನ ಅನುಭವವೇ ಇಲ್ಲದವರು ತೀರ್ಪು ಬರೆಯಬಾರದು ಎಂಬ ಮಾತು ಸರಿಯೇ. ಫಾತಿಮಾ ಬೀವಿಯವರೂ ಏಳು ವರ್ಷಕ್ಕೂ ಹೆಚ್ಚು ವಕೀಲಿ ಮಾಡಿಯೇ ಮುನ್ಸಿಫ್ ಆದವರು. ಆದರೆ ಈ ಮೂರು ವರ್ಷ ಯಾರಿಗೆ ಭಾರವಾಗುತ್ತದೆ, ಯೋಚಿಸಿ. ಜೂನಿಯರ್ ವಕೀಲರಿಗೆ ಸೀನಿಯರ್ ಕೊಡುವುದು ಬಸ್ ಚಾರ್ಜಿಗೂ ಸಾಲದು. ಹುಡುಗ ಹೇಗೋ ದಿನ ತಳ್ಳುತ್ತಾನೆ. ಹುಡುಗಿಗೆ ಅದೇ ವಯಸ್ಸಿನಲ್ಲಿ ಮನೆಗೆ ಗಂಡಿನ ಕಡೆಯವರು ಬಂದು ಹೋಗುತ್ತಿರುತ್ತಾರೆ. 'ಸಂಬಳ ಇಲ್ಲ ಅಂದಮೇಲೆ ಕೋರ್ಟಿಗೆ ಯಾಕೆ ಹೋಗ್ಬೇಕು' ಎಂಬ ಮಾತು ಹುಟ್ಟುತ್ತದೆ. ಕರಿಕೋಟು ಬೀರು ಸೇರುತ್ತದೆ.

ಇಲ್ಲಿ ಮೂವರು ಕೈಜೋಡಿಸಬೇಕು. ಸರ್ಕಾರ ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ಮೂಲಕ ತರಬೇತಿ ಭತ್ಯೆ ಕೊಡುತ್ತದೆ. ಅಂಥ ನೆರವು ಹಳ್ಳಿಯ ಎಲ್ಲ ಬಡ ಹೆಣ್ಣುಮಕ್ಕಳಿಗೂ ತಿಂಗಳು ತಿಂಗಳು ಕೈಸೇರಬೇಕು. ತಾಲ್ಲೂಕಿನ ಸೀನಿಯರ್ ವಕೀಲರು ಹುಡುಗಿಯರನ್ನು ಬರೀ ಮುಂದಿನ ತಾರೀಖು ಕೇಳಲು ಕಳಿಸದೆ, ಸಾಕ್ಷಿ ವಿಚಾರಣೆಗೂ ನಿಲ್ಲಿಸಬೇಕು. ಇನ್ನು ಮನೆಯವರು. ದುಡ್ಡಿಲ್ಲದಿದ್ದರೆ ಸಮಯವನ್ನಾದರೂ ಕೊಡಿ. ಲಾ ಓದಿಸಲು ಐದು ವರ್ಷ ಕಾದವರಿಗೆ ಇನ್ನು ಮೂರು ವರ್ಷ ಕಾಯುವುದು ದೊಡ್ಡದಲ್ಲ.

ಒಬ್ಬ ಅನ್ನಾ ಚಾಂಡಿಯನ್ನು ಕಂಡು ಪತ್ತನಂತಿಟ್ಟದ ಒಬ್ಬ ತಂದೆ ಮಗಳನ್ನು ಕಾನೂನು ಓದಲು ಕಳಿಸಿದರು. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಈಗ ಮಹಿಳಾ ನ್ಯಾಯಾಧೀಶರು ಇರಬಹುದು. ಕೇಸು ಇಲ್ಲದಿದ್ದರೂ ಒಂದು ದಿನ ಮಗಳನ್ನು ಕರೆದುಕೊಂಡು ಹೋಗಿ. ಕೋರ್ಟ್ ಹಾಲಿನಲ್ಲಿ ಸುಮ್ಮನೆ ಕೂತು ಕಲಾಪ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.