ಶೇ. 40ರ ಗೆರೆ ಮತ್ತು ಕಾಯಕದ ಮಾತು

ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಎರಡು ಬಗೆ. ಸ್ಥಿತಿ ಬದಲಾಗುವಂಥದ್ದಲ್ಲ ಎಂದು ವೈದ್ಯರಿಗೆ ಅನ್ನಿಸಿದರೆ ಶಾಶ್ವತ ಪತ್ರ. ಬದಲಾಗಬಹುದು ಎನ್ನಿಸಿದರೆ ಇಂತಿಷ್ಟು ವರ್ಷದವರೆಗೆ ಮಾತ್ರ. ಎರಡನೆಯ ಬಗೆಯ ಪತ್ರ ಹಿಡಿದವರು ಅವಧಿ ಮುಗಿದ ಮೇಲೆ ಮತ್ತೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ಮೊದಲ ಸಲ ಶೇ. 45 ಎಂದಿದ್ದದ್ದು ಈ ಸಲ ಶೇ. 38 ಎಂದು ಬಂದರೆ ಅಲ್ಲಿಗೆ ಮಾಸಾಶನ ನಿಂತಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಾಕಿರುವ ಗೆರೆ ಶೇ. 40. ಗೆರೆಯ ಈಚೆಗಿದ್ದವರಿಗೆ ಸೌಲಭ್ಯ, ಆಚೆಗೆ ಜಾರಿದವರು ಸಾಮಾನ್ಯರು, ಎಂದರೆ ದುಡಿಯಬಲ್ಲವರು.

ಹೀಗೆ ಜಾರಿದವರ ಬಗ್ಗೆ ನಮ್ಮವರೇ ಆಡುವ ಒಂದು ಮಾತಿದೆ. "ಈಗ ವಾಸಿಯಾಗಿದೆಯಲ್ಲ, ದುಡಿದು ಉಣ್ಣಲಿ. ನಮ್ಮದು ಕಾಯಕದ ಧರ್ಮ." ಮಠದ ಪಡಸಾಲೆಯಲ್ಲಿ ಕೂತು ಇದನ್ನು ಹೇಳುವವರಿದ್ದಾರೆ, ಬಸವ ಜಯಂತಿಯ ವೇದಿಕೆಯಲ್ಲಿ ಹೇಳುವವರೂ ಇದ್ದಾರೆ. ಶರಣರ ಹೆಸರಿನಲ್ಲಿ ಆಡುವ ಈ ಮಾತನ್ನು ಹಾಗೇ ಬಿಡುವುದು ಸರಿಯಲ್ಲ ಎಂದು ಈ ತಿಂಗಳು ಇದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಹಣದ ಲೆಕ್ಕ. ನಮ್ಮ ರಾಜ್ಯದಲ್ಲಿ ಶೇ. 40ಕ್ಕಿಂತ ಮೇಲೆ, ಶೇ. 75ಕ್ಕಿಂತ ಕೆಳಗೆ ಇರುವ ವಿಕಲಚೇತನರ ಮಾಸಾಶನವನ್ನು 2021ರ ಜುಲೈನಲ್ಲಿ 600ರಿಂದ 800 ರೂಪಾಯಿಗೆ ಏರಿಸಿದರು. ಅದೇ ಆದೇಶದ ಹೊತ್ತಿಗೆ ಸಂಧ್ಯಾ ಸುರಕ್ಷಾದ ವೃದ್ಧರಿಗೆ 1,000 ಇದ್ದದ್ದು 1,200 ಆಯಿತು. ಆದರೆ ಕಾಯ್ದೆಯ 24ನೇ ಕಲಂ ಏನು ಹೇಳುತ್ತದೆ? ಇತರರಿಗೆ ಇರುವ ಅದೇ ಬಗೆಯ ಯೋಜನೆಗಿಂತ ವಿಕಲಚೇತನರಿಗೆ ಕೊಡುವ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. 1,200ಕ್ಕೆ ಶೇ. 25 ಸೇರಿಸಿದರೆ 1,500. ಕೊಟ್ಟದ್ದು 800. ಇಷ್ಟು ಕೊಟ್ಟು "ಸೋಮಾರಿಗಳಾಗುತ್ತಾರೆ" ಎನ್ನುವವರು ತಿಂಗಳಿಗೆ 800 ರೂಪಾಯಿಯಲ್ಲಿ ಎಷ್ಟು ಸೋಮಾರಿತನ ಸಿಗುತ್ತದೆ ಎಂದು ಸಂತೆಗೆ ಹೋಗಿ ವಿಚಾರಿಸಬೇಕು.

ಇನ್ನು ಅಳತೆಯ ವಿಷಯ. ಜೀವನವಿಡೀ ಅಳತೆ ಪುಸ್ತಕ ಬರೆದು ಬದುಕಿದವನಿಗೆ ಇಲ್ಲಿ ಸ್ವಲ್ಪ ನಿಂತು ನೋಡಬೇಕೆನ್ನಿಸುತ್ತದೆ. ಕೈಕಾಲಿನ ಎರಡು ನ್ಯೂನತೆಗಳಿದ್ದರೆ ಎರಡರ ಪ್ರಮಾಣವನ್ನು ಸುಮ್ಮನೆ ಕೂಡುವುದಿಲ್ಲ. ಅದಕ್ಕೊಂದು ಸೂತ್ರವಿದೆ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಬೇಕು. ಒಬ್ಬನಿಗೆ ಒಂದು ಕಡೆ 30, ಇನ್ನೊಂದು ಕಡೆ 15 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸರಿಯಾಗಿ 40 ಬರುತ್ತದೆ. 15ರ ಬದಲು 14 ಎಂದು ಬರೆದರೆ 39.33. ಮಾಸಾಶನ ಇಲ್ಲ. ಮೊಣಕಾಲು ಎಷ್ಟು ಮಡಚುತ್ತದೆ ಎಂದು ಕೋನಮಾಪಕ ಹಿಡಿದು ನೋಡುವಾಗ ಇಬ್ಬರು ವೈದ್ಯರ ನಡುವೆ ಕೆಲವು ಡಿಗ್ರಿ ವ್ಯತ್ಯಾಸ ಬರುವುದು ಸಹಜ. ಯಾರ ತಪ್ಪೂ ಅಲ್ಲ. ಉಪಕರಣದ ನಿಖರತೆಗಿಂತ ಸಣ್ಣ ವ್ಯತ್ಯಾಸವನ್ನು ನೆಚ್ಚಿ ಯಾವ ಎಂಜಿನಿಯರೂ ಬಿಲ್ಲಿಗೆ ಸಹಿ ಹಾಕುವುದಿಲ್ಲ. ಇಲ್ಲಿ ಆ ಒಂದು ಅಂಕದ ಮೇಲೆ ಒಂದು ಮನೆಯ ಅಕ್ಕಿ ನಿಂತಿರುತ್ತದೆ.

ಅಳತೆ ನಿಖರವಾಗಿದ್ದರೂ ಅದು ಅಳೆಯುವುದು ಅಂಗವನ್ನು, ದುಡಿಮೆಯನ್ನಲ್ಲ. ಈ ಭೇದವನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಮೋಟಾರು ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ಬಹಳ ಸ್ಪಷ್ಟವಾಗಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆಯ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಕೈ ಕಳೆದುಕೊಂಡವನು ಸರ್ಕಾರಿ ಗುಮಾಸ್ತನಾಗಿದ್ದರೆ ಗಳಿಕೆಗೆ ಅಷ್ಟು ಧಕ್ಕೆಯಿಲ್ಲ. ಆದ್ದರಿಂದ ಅಂಗವಿಕಲತೆಯ ಶೇಕಡಾವಾರನ್ನೇ ಗಳಿಕೆಯ ನಷ್ಟದ ಶೇಕಡಾವಾರು ಎಂದು ಯಾಂತ್ರಿಕವಾಗಿ ಹಿಡಿಯಬಾರದು ಎಂದಿತು. ಪರಿಹಾರದ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಈ ವಿವೇಕ ಮಾಸಾಶನದ ಕಡತಕ್ಕೆ ಇನ್ನೂ ಇಳಿದಿಲ್ಲ. ಶೇ. 38ರ ಕಾಲಿನವನು ಕಬ್ಬು ಕಡಿಯುವ ಕೂಲಿಯೋ ಅಂಗಡಿಯ ಗಲ್ಲದ ಮೇಲೆ ಕೂರುವವನೋ ಎಂದು ಆ ಕಡತ ಕೇಳುವುದಿಲ್ಲ.

ಮನೋರೋಗಿಗಳ ಪಾಡು ಇನ್ನೂ ಕಷ್ಟದ್ದು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣನ್ನು ಬೇಸಿಗೆಯಲ್ಲಿ ನೋಡಿ. ಗುದ್ದಲಿ ಹಿಡಿಯದಷ್ಟು ಗಟ್ಟಿ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ ಗೋಡೆಯನ್ನೇ ಸೀಳುತ್ತದೆ. ಏಪ್ರಿಲ್ ತಿಂಗಳ ಒಂದು ದಿನ ನೋಡಿ ತಳಪಾಯ ನಿರ್ಧರಿಸುವವನು ಮೂರ್ಖ. ಮಾತ್ರೆ ನಿಯಮವಾಗಿ ತೆಗೆದುಕೊಂಡು, ಮನೆಯವರು ಜೋಪಾನ ಮಾಡಿದ್ದರಿಂದ ಒಬ್ಬಳು ತಂಗಿ ಮರುತಪಾಸಣೆಯ ದಿನ ನೆಟ್ಟಗೆ ಕೂತು ಉತ್ತರ ಹೇಳಿದಳು ಎನ್ನೋಣ. ಅಂಕ ಇಳಿಯಿತು, ಮಾಸಾಶನ ಹೋಯಿತು. ಆಮೇಲೆ ಮಾತ್ರೆಗೆ, ತಾಲ್ಲೂಕಿಗೆ ಹೋಗಿಬರುವ ಬಸ್ಸಿಗೆ ಹಣ ಎಲ್ಲಿಂದ? ಅವಳನ್ನು ನೆಟ್ಟಗೆ ಕೂರಿಸಿದ ಆಸರೆಯನ್ನೇ, ನೆಟ್ಟಗೆ ಕೂತಳೆಂಬ ಕಾರಣಕ್ಕೆ ಕಿತ್ತುಕೊಂಡಂತಾಯಿತು.

ಈ ದಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಬ್ರಿಟನ್ನಿನಲ್ಲಿದೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪುತ್ಥಳಿ ಅನಾವರಣವಾದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಅದರ ಸಮೀಪವೇ ಅವರ ಪಾರ್ಲಿಮೆಂಟು. 2008ರಿಂದ ಅಲ್ಲಿ ಕಾಯಿಲೆಯವರಿಗೂ ಅಂಗವಿಕಲರಿಗೂ ಕೊಡುವ ಭತ್ಯೆಗೆ ದುಡಿಮೆಯ ಸಾಮರ್ಥ್ಯದ ಪರೀಕ್ಷೆ ಇಟ್ಟರು. ಹಿಂದಿನಿಂದ ನೆರವು ಪಡೆಯುತ್ತಿದ್ದವರನ್ನೂ ಕೆಲವೇ ವರ್ಷಗಳಲ್ಲಿ ಅದೇ ಪರೀಕ್ಷೆಗೆ ಕರೆದರು. ಪರೀಕ್ಷೆಯ ಕೆಲಸವನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. 15 ಅಂಕ ಬಂದರೆ ಭತ್ಯೆ. ನಿಲ್ಲದೆ 50 ಮೀಟರ್ ಸಾಗಲಾರದವರಿಗೆ 15 ಅಂಕ, 100 ಮೀಟರ್ ಸಾಗಲಾರದವರಿಗೆ 9. ಅರ್ಧ ಲೀಟರ್ ತುಂಬಿದ ಡಬ್ಬಿ ಎತ್ತಿಡಲಾರದವರಿಗೆ 15, ಒಂದು ಲೀಟರಿನದು ಎತ್ತಲಾರದವರಿಗೆ 9. ಬೇರೆ ಅಂಕ ಸೇರದಿದ್ದರೆ ಒಂದು ಲೀಟರ್ ಹಾಲು ಎತ್ತಲಾರದವನು ಕೆಲಸಕ್ಕೆ ಯೋಗ್ಯ! ಯಾವ ಕೆಲಸ, ಎಲ್ಲಿ, ಕೊಡುವವರು ಯಾರು ಎಂಬ ಪ್ರಶ್ನೆ ಆ ನಮೂನೆಯಲ್ಲಿಲ್ಲ. 2013ರ ಅಕ್ಟೋಬರ್‌ನಿಂದ ನ್ಯಾಯಮಂಡಳಿಗೆ ಹೋಗುವ ಮೊದಲು ಇಲಾಖೆಯೇ ತನ್ನ ತೀರ್ಮಾನವನ್ನು ಮರುಪರಿಶೀಲಿಸಬೇಕೆಂಬ ನಿಯಮ ಬಂತು. ಆಗ ಆ ಅವಧಿಗೆ ಭತ್ಯೆ ಇರಲಿಲ್ಲ.

ಬಸವಣ್ಣನವರ ಪುತ್ಥಳಿ ಅನಾವರಣವಾದ ಅದೇ ವರ್ಷದ ಆಗಸ್ಟ್‌ನಲ್ಲಿ ಅವರ ಇಲಾಖೆ ಒಂದು ಅಂಕಿ ಹೊರಗೆ ಬಿಟ್ಟಿತು. 2011ರ ಡಿಸೆಂಬರ್‌ನಿಂದ 2014ರ ಫೆಬ್ರವರಿಯವರೆಗೆ, ಕೆಲಸಕ್ಕೆ ಯೋಗ್ಯರೆಂದು ತೀರ್ಮಾನವಾಗಿ ಭತ್ಯೆ ನಿಂತ ಮೇಲೆ ತೀರಿಕೊಂಡವರು 2,380 ಮಂದಿ. ಇದರಿಂದ ಕಾರ್ಯಕಾರಣ ಸಂಬಂಧ ಹೇಳಲಾಗದು ಎಂದು ಇಲಾಖೆ ಸೇರಿಸಿತು. ಒಪ್ಪೋಣ. ಕಾಗದ ನಿಂತದ್ದರಿಂದಲೇ ಅವರು ಸತ್ತರೆಂದು ಹೇಳಲಾಗದು. ಆದರೆ ಅವರಲ್ಲಿ ಎಷ್ಟು ಜನ ನಿಜಕ್ಕೂ ದುಡಿಯುವ ಸ್ಥಿತಿಯಲ್ಲಿದ್ದರು ಎಂದು ಕೇಳುವುದಕ್ಕೆ ಸಂಖ್ಯಾಶಾಸ್ತ್ರ ಬೇಕಾಗಿಲ್ಲ. 2016ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಆ ದೇಶದ ಸುಧಾರಣೆಗಳಲ್ಲಿ ವಿಕಲಚೇತನರ ಹಕ್ಕುಗಳ ಗಂಭೀರ ಉಲ್ಲಂಘನೆ ಆಗಿದೆ ಎಂದು ವರದಿ ಕೊಟ್ಟಿತು. ಹಣ, ಆಸ್ಪತ್ರೆ, ನ್ಯಾಯಮಂಡಳಿ ಎಲ್ಲ ನಮಗಿಂತ ಚೆನ್ನಾಗಿರುವ ದೇಶದ ಕಥೆ ಇದು.

ಈಗ ಕಾಯಕಕ್ಕೆ ಬರೋಣ. ಅಂಬಿಗರ ಚೌಡಯ್ಯ ದೋಣಿ ನಡೆಸಿದರು, ಮಡಿವಾಳ ಮಾಚಯ್ಯ ಬಟ್ಟೆ ಒಗೆದರು, ನುಲಿಯ ಚಂದಯ್ಯ ಹಗ್ಗ ಹೊಸೆದರು. ತಮ್ಮ ದುಡಿಮೆಯನ್ನು ಅವರು ತಾವಾಗಿ ಲಿಂಗಕ್ಕೂ ಜಂಗಮಕ್ಕೂ ಅರ್ಪಿಸಿದ್ದರಿಂದ ಅದು ಕಾಯಕವಾಯಿತು. ಹಸಿವಿನ ಹೆದರಿಕೆ ತೋರಿಸಿ ಇನ್ನೊಬ್ಬರಿಂದ ಮಾಡಿಸುವ ದುಡಿಮೆಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. ಜೀತ ಎನ್ನುತ್ತೇವೆ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಈ ವಾದಕ್ಕೆ ಬಹಳ ಜನ ಎಳೆದು ತರುತ್ತಾರೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದವರು ಆ ತಾಯಿ. ಆಕೆ ಅಳೆದದ್ದು ತಮ್ಮ ಮನೆಯ ಅಕ್ಕಿಯನ್ನು. ನೆರೆಮನೆಯ ಕುಂಟನ ಉಡಿಯಲ್ಲಿ ಎಷ್ಟಿದೆ ಎಂದು ನೋಡಲು ಹೋಗಲಿಲ್ಲ.

ದಾಸೋಹ ಮೊದಲೋ ಕಾಯಕ ಮೊದಲೋ ಎಂದು ಕೇಳುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಬೇಕು. ಕಣ್ಣಿಲ್ಲದ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಆಶ್ರಯ ಕೊಟ್ಟು ಸಂಗೀತ ಕಲಿಸಿದರು. (ಸ್ವಾಮಿಗಳ ಎಲ್ಲ ನಿಲುವುಗಳನ್ನು ಒಪ್ಪದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ, ಈ ಒಂದು ಕೆಲಸದಲ್ಲಿ ಯಾರ ತಕರಾರೂ ಇರಲಾರದು.) ಅವರೇ ಪಂಚಾಕ್ಷರಿ ಗವಾಯಿಗಳಾದರು. ಗವಾಯಿಗಳು ದೃಷ್ಟಿ ಕಳೆದುಕೊಂಡ ಇನ್ನೊಬ್ಬ ಮಗುವನ್ನು ಸಾಕಿದರು. ಅವರು ಪುಟ್ಟರಾಜ ಗವಾಯಿಗಳು. ಆ ಆಶ್ರಮದಿಂದ ಕಲಿತು ಹೊರಬಂದ ಅಂಧರು ನಾಡಿನ ಉದ್ದಗಲಕ್ಕೂ ಹಾಡಿ, ನುಡಿಸಿ, ಪಾಠ ಹೇಳಿ ಬದುಕಿದ್ದಾರೆ. ಮೊದಲು ಅನ್ನ, ಆಸರೆ, ವಿದ್ಯೆ. ಕಾಯಕ ಅದರ ಹಿಂದೆ ತಾನಾಗಿ ಬಂತು. ಅನ್ನ ನಿಲ್ಲಿಸಿ "ಹಾಡು" ಎಂದಿದ್ದರೆ ಗದಗಿನಲ್ಲಿ ಸಂಗೀತ ಹುಟ್ಟುತ್ತಿರಲಿಲ್ಲ.

ಸುಳ್ಳು ಪ್ರಮಾಣಪತ್ರ ಮಾಡಿಸಿದವರು ಇಲ್ಲವೆಂದಲ್ಲ, ಇದ್ದಾರೆ. ಅವರನ್ನು ಹಿಡಿಯಿರಿ, ಸಹಿ ಹಾಕಿದವರನ್ನೂ ಹಿಡಿಯಿರಿ. ಆದರೆ ಕಳ್ಳನನ್ನು ಹುಡುಕುವ ತಪಾಸಣೆಗೂ ಗೆರೆಯ ಹತ್ತಿರದ ಬಡವರನ್ನು ಅತ್ತ ತಳ್ಳುವ ತಪಾಸಣೆಗೂ ವ್ಯತ್ಯಾಸವಿದೆ.

ನಮ್ಮ ಮಠಗಳು ಮಾಡಬಹುದಾದದ್ದು ಬಹಳ ಇದೆ, ಖರ್ಚು ಹೆಚ್ಚಿಲ್ಲ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ನಿಯಮವಿದೆ; ಅದನ್ನು ಕೇಳಿ ಪಡೆಯಬೇಕೆಂಬುದು ಹಳ್ಳಿಯವರಿಗೆ ಗೊತ್ತಿರುವುದಿಲ್ಲ. ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಮಠದ ಶಾಲೆಯ ನಿವೃತ್ತ ಗುಮಾಸ್ತರೊಬ್ಬರು ವಾರಕ್ಕೊಂದು ದಿನ ಕೂತರೆ ಅರ್ಜಿ ಬರೆದುಕೊಡಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಆ ದಿನ ಕರೆಸಬಹುದು. ತಪಾಸಣೆಯ ದಿನ ಮಠದ ಜೀಪು ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಬಹುದು. ಜೊತೆಗೆ ಒಬ್ಬರು ಹೋಗಿ, ರೋಗಿ ಸಂಕೋಚದಿಂದ ಬಿಟ್ಟುಬಿಡುವ ಸಂಗತಿಗಳನ್ನು, ರಾತ್ರಿ ಬರುವ ಫಿಟ್ಸು, ತಿಂಗಳಲ್ಲಿ ಏಳಲಾರದ ದಿನಗಳು, ವೈದ್ಯರ ಮುಂದೆ ಹೇಳಬಹುದು. ಹಳೆಯ ಚೀಟಿ, ಎಕ್ಸ್‌ರೇ, ಆಸ್ಪತ್ರೆಯ ದಾಖಲೆಗಳ ಒಂದೊಂದು ಪ್ರತಿಯನ್ನು ಮಠದಲ್ಲೇ ಇಟ್ಟರೆ ಇನ್ನೂ ಒಳ್ಳೆಯದು. ಮಠಗಳ ಶಿಕ್ಷಣ ಸಂಸ್ಥೆಗಳು ಕೆಲಸದಲ್ಲಿದ್ದಾಗಲೇ ಅಂಗ ಊನವಾದ ನೌಕರನನ್ನು ಮನೆಗೆ ಕಳಿಸುತ್ತವೋ, ಬೇರೆ ಹುದ್ದೆ ಕೊಟ್ಟು ಇಟ್ಟುಕೊಳ್ಳುತ್ತವೋ ಎಂದು ಪೂಜ್ಯರು ತಮ್ಮ ಆಡಳಿತ ಮಂಡಳಿಗಳನ್ನು ಒಮ್ಮೆ ಕೇಳಲಿ. ಸರ್ಕಾರಿ ಸಂಸ್ಥೆಗಳಿಗೆ ಎರಡನೆಯದು ಕಾಯ್ದೆಯಿಂದಲೇ ಕಡ್ಡಾಯ.

ಮೇಲ್ಮನವಿಗೆ ಇರುವ ಗಡುವು ತೀರ್ಮಾನವಾದ ದಿನದಿಂದ 90 ದಿನ. ಕಾಗದ ಕೈಗೆ ಬಂದ ವಾರದಲ್ಲೇ ಅದನ್ನು ಮಠಕ್ಕೆ ತನ್ನಿರಿ ಎಂದು ಮುಂದಿನ ಹುಣ್ಣಿಮೆಯ ಅನುಭಾವಗೋಷ್ಠಿಯಲ್ಲಿ ಎಲ್ಲ ಕಡೆ ತಿಳಿಸಬೇಕೆಂದು ವಿನಂತಿ.